ಹೆಸರು ಅಳಿಸುವ ಗ್ರಾಮಸಭೆಗೆ ಸೇರಿಸುವ ಅಧಿಕಾರವೂ ಬೇಕು

ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯ ಮಾರ್ಗಸೂಚಿ ಗ್ರಾಮಸಭೆಗೆ ಒಂದು ಅಧಿಕಾರ ಕೊಟ್ಟಿದೆ, ಇನ್ನೊಂದನ್ನು ಕೊಟ್ಟಿಲ್ಲ. ಮೇಲಿನಿಂದ ಬಂದ ಪಟ್ಟಿಯಲ್ಲಿ ಅನರ್ಹರ ಹೆಸರು ಕಂಡರೆ ಗ್ರಾಮಸಭೆ ಅದನ್ನು ಅಳಿಸಬಹುದು. ಬಿಟ್ಟುಹೋದ ಅರ್ಹರ ಹೆಸರನ್ನು ತಾನಾಗಿ ಸೇರಿಸುವಂತಿಲ್ಲ. ಕಾರಣ ಬರೆದು, ಬೇರೆ ಪಟ್ಟಿ ಮಾಡಿ, ಮೇಲಕ್ಕೆ ಕಳುಹಿಸಿ ಕಾಯಬೇಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ಮಧುಗಿರಿ ಉಪವಿಭಾಗದಲ್ಲಿ ಸೂರಿಲ್ಲದವರ ಸಂಕಟಕ್ಕೆ ಹಣದ ಕೊರತೆ ಎಷ್ಟು ಕಾರಣವೋ ಈ ನಿಯಮವೂ ಅಷ್ಟೇ ಕಾರಣ.

ನಿಯಮಗಳು ಸಡಿಲವೇ ಆಗಿಲ್ಲ ಎಂದು ಹೇಳಲಾಗದು. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಇನ್ನೂ 2 ಕೋಟಿ ಮನೆಗಳಿಗೆ ಒಪ್ಪಿಗೆ ಕೊಟ್ಟಾಗ, ಮನೆಯಲ್ಲಿ ಫ್ರಿಡ್ಜ್ ಇದ್ದರೆ, ಬೈಕ್ ಇದ್ದರೆ ಅರ್ಜಿ ತಿರಸ್ಕರಿಸುವ ಹಳೆಯ ಷರತ್ತು ಹೋಯಿತು. ತಿಂಗಳ ಆದಾಯದ ಮಿತಿ 10 ಸಾವಿರದಿಂದ 15 ಸಾವಿರ ರೂಪಾಯಿಗೆ ಏರಿತು. ಕೂಲಿಗೆ ಹೋಗಲು ಸಾಲ ಮಾಡಿ ಹಳೆಯ ಬೈಕ್ ಕೊಂಡವನು ಆ ಕಾರಣಕ್ಕೇ ಮನೆ ಕಳೆದುಕೊಳ್ಳುತ್ತಿದ್ದ ಅನ್ಯಾಯ ನಿಂತದ್ದು ಸಂತೋಷವೇ. ಆದರೆ ಜಮೀನಿನ ಷರತ್ತು ಉಳಿದಿದೆ. ನೀರಾವರಿಯಾದರೆ ಎರಡೂವರೆ ಎಕರೆ, ಬೆದ್ದಲಾದರೆ ಐದು ಎಕರೆ ಅಥವಾ ಹೆಚ್ಚು ಇದ್ದವರಿಗೆ ಮನೆ ಇಲ್ಲ.

ಐದು ಎಕರೆ ಬೆದ್ದಲು ಎಂದರೇನು ಎಂಬುದನ್ನು ಪಾವಗಡದಲ್ಲೋ ಶಿರಾದಲ್ಲೋ ಕೇಳಬೇಕು. ಮಳೆ ಬಂದ ವರ್ಷ ಕಡಲೆಕಾಯಿ, ಬಾರದ ವರ್ಷ ಬಿತ್ತನೆ ಬೀಜದ ಸಾಲ. ಕಾವೇರಿ ಬಯಲಿನ ಐದು ಎಕರೆಗೂ ಇಲ್ಲಿನ ಐದು ಎಕರೆಗೂ ಪಹಣಿಯ ಅಂಕಿ ಒಂದೇ ಇದ್ದೀತು, ಬದುಕು ಒಂದಲ್ಲ. ಎಷ್ಟೋ ಪಹಣಿಗಳು ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿವೆ. ಪೌತಿ ಖಾತೆ ಆಗಿಲ್ಲ, ಭಾಗ ಬಾಯಿಮಾತಿನಲ್ಲೇ ಆಗಿದೆ. ಕಾಗದದ ಮೇಲಿನ ಆರು ಎಕರೆಯನ್ನು ನಾಲ್ವರು ಅಣ್ಣತಮ್ಮಂದಿರು ಉಳುತ್ತಿದ್ದರೆ ಒಬ್ಬೊಬ್ಬರಿಗೆ ಬರುವುದು ಒಂದೂವರೆ ಎಕರೆ. ಊರಿಗೆಲ್ಲ ಗೊತ್ತಿರುವ ಈ ಸಂಗತಿ ಕಾಗದಕ್ಕೆ ಗೊತ್ತಿಲ್ಲ. ಗೊತ್ತಿರುವ ಊರಿಗೆ ಹೆಸರು ಸೇರಿಸುವ ಅಧಿಕಾರವಿಲ್ಲ. ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ಮಧುಗಿರಿ, ಶಿರಾ, ಪಾವಗಡಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತ್ತು. ಮನೆಯ ಅರ್ಹತೆ ಅಳೆಯುವಾಗ ಆ ಹಿಂದುಳಿದಿರುವಿಕೆ ಲೆಕ್ಕಕ್ಕೇ ಬಂದಿಲ್ಲ.

ಜಮೀನಿನ ನಂತರ ಮಾಡಿನ ಮಾತು. ಯೋಜನೆಯ ಆದ್ಯತೆ ಕಚ್ಚಾ ಗೋಡೆ, ಕಚ್ಚಾ ಮಾಡು ಎರಡೂ ಇರುವ ಒಂದೆರಡು ಕೋಣೆಯ ಮನೆಗಳಿಗೆ. ಬಂಡೆಗಳ ಸೀಮೆಯಾದ ನಮ್ಮ ಕಡೆ ಬಡವರೂ ಮಣ್ಣಿನ ಗೋಡೆಯ ಮೇಲೆ ಕಲ್ಲುಚಪ್ಪಡಿ ಹೊದಿಸಿಕೊಂಡು ಬದುಕಿದ್ದಾರೆ. ಸಮೀಕ್ಷೆಯ ನಮೂನೆಯಲ್ಲಿ ಕಲ್ಲಿನ ಮಾಡು ಪಕ್ಕಾ ಮಾಡು. ಅದರ ಕೆಳಗಿನ ಗೋಡೆ ಬುಡದಲ್ಲಿ ಕರಗಿ, ಹೊಟ್ಟೆ ಉಬ್ಬಿಸಿಕೊಂಡು ನಿಂತಿದ್ದರೂ ಮನೆ ಆದ್ಯತೆಯ ಸಾಲಿನಿಂದ ಹೊರಬೀಳುತ್ತದೆ. ಸೋಗೆ ಮಾಡು ಕುಸಿದರೆ ಜನ ಎದ್ದು ಹೊರಗೆ ಬರಬಹುದು, ಚಪ್ಪಡಿ ಕುಸಿದರೆ ಆ ಅವಕಾಶವಿಲ್ಲ. ಜಡಿಮಳೆಯ ರಾತ್ರಿಗಳಲ್ಲಿ ಮಕ್ಕಳನ್ನು ಎತ್ತಿಕೊಂಡು ಶಾಲೆಯ ಜಗುಲಿಗೋ ದೇವಸ್ಥಾನಕ್ಕೋ ಹೋಗಿ ಮಲಗುವವರು ಇಂಥ ಮನೆಯವರೇ. ಇವರು ಎರಡನೆಯ ಸಾಲಿನವರಲ್ಲ, ಮೊದಲ ಸಾಲಿನವರು. ನಮೂನೆ ತುಂಬುವ ನೌಕರನಿಗೂ ಅದು ಕಣ್ಣಿಗೆ ಕಾಣುತ್ತದೆ. ಕಂಡದ್ದನ್ನು ಬರೆಯಲು ನಮೂನೆಯಲ್ಲಿ ಜಾಗವಿಲ್ಲ.

ಹೇಗೋ ಪಟ್ಟಿಗೆ ಹೆಸರು ಬಂತು ಎನ್ನೋಣ. ಆಮೇಲೆ ಹಣದ ಲೆಕ್ಕ. 2016ರಲ್ಲಿ ಯೋಜನೆ ಶುರುವಾದಾಗ ಬಯಲುಸೀಮೆಯ ಮನೆಗೆ ನಿಗದಿಯಾದದ್ದು 1.20 ಲಕ್ಷ ರೂಪಾಯಿ. 2024ರಲ್ಲಿ ಯೋಜನೆಯನ್ನು 2029ರವರೆಗೆ ಮುಂದುವರಿಸಿದಾಗಲೂ ಅದೇ 1.20 ಲಕ್ಷ. ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯ ತನ್ನ ಪಾಲು ಹೆಚ್ಚಿಸಿ 1.75 ಲಕ್ಷ ಮಾಡಿದೆ. ಉಳಿದವರಿಗೆ ಅದೂ ಇಲ್ಲ. ಕಟ್ಟಬೇಕಾದ ಕನಿಷ್ಠ ಅಳತೆ 25 ಚದರ ಮೀಟರ್, ಅಂದರೆ ಸುಮಾರು 269 ಚದರ ಅಡಿ. ಮೇಸ್ತ್ರಿಗಳ ಲೆಕ್ಕದಲ್ಲಿ ಎರಡೂ ಮುಕ್ಕಾಲು ಚದರಕ್ಕೆ ತುಸು ಕಡಿಮೆ. 1.20 ಲಕ್ಷವನ್ನು ಇದರಿಂದ ಭಾಗಿಸಿದರೆ ಚದರ ಅಡಿಗೆ 450 ರೂಪಾಯಿಯೂ ಬೀಳುವುದಿಲ್ಲ. ಈ ದರಕ್ಕೆ ಮನೆ ಮುಗಿಸಿಕೊಡುವ ಮೇಸ್ತ್ರಿ ಈ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲೂ ಸಿಗಲಾರ. ಶೌಚಾಲಯಕ್ಕೆ 12 ಸಾವಿರ, ಉದ್ಯೋಗ ಖಾತ್ರಿಯ 90 ದಿನದ ಕೂಲಿ ಸೇರಿಸಿದರೂ ಕೊರತೆ ತುಂಬದು. ಉಳಿದದ್ದು ಸಂಘದ ಸಾಲ, ಕೈಸಾಲ, ಹೆಂಡತಿಯ ಕಿವಿಯ ಓಲೆ.

ಒಂದು ಮನೆಗೆ ನಿಜಕ್ಕೂ ಎಷ್ಟು ಬೇಕು ಎಂಬುದು ಸರ್ಕಾರಕ್ಕೆ ತಿಳಿಯದ ವಿಷಯವಲ್ಲ. 2019ರ ನೆರೆಯಲ್ಲಿ ಪೂರ್ತಿ ಕುಸಿದ ಮನೆ ಕಟ್ಟಿಕೊಳ್ಳಲು ರಾಜ್ಯ ಸರ್ಕಾರವೇ 5 ಲಕ್ಷ ರೂಪಾಯಿ ಘೋಷಿಸಿತು. ಅದು ಸರಿಯಾದ ನಿರ್ಧಾರ, ಆ ಕಷ್ಟಕಾಲದಲ್ಲಿ ಕೇಂದ್ರದ ಮಾನದಂಡ ಮೀರಿ ತೋರಿದ ಉದಾರತೆ. ಮಳೆಯಲ್ಲಿ ಮನೆ ಬಿದ್ದ ಮೇಲೆ 5 ಲಕ್ಷ ಬೇಕೆಂದು ಒಪ್ಪಿದ ಸರ್ಕಾರಕ್ಕೆ, ಬೀಳುವ ಮುನ್ನ 1.20 ಲಕ್ಷ ಸಾಕೆನ್ನಲು ಯಾವ ಆಧಾರವಿದೆ?

ಪಾವಗಡದವರಿಗೆ ಹೋಲಿಕೆ ಇನ್ನೂ ಹತ್ತಿರದಲ್ಲಿದೆ. ತಾಲ್ಲೂಕಿನ ಬಹುಪಾಲು ಗಡಿ ಆಂಧ್ರದ್ದು. ಮಡಕಶಿರಾ, ಹಿಂದೂಪುರದ ಕಡೆ ನಮ್ಮವರಿಗೆ ನೆಂಟಸ್ತನವಿದೆ, ಸಂತೆ ವ್ಯವಹಾರವಿದೆ. ಆಂಧ್ರ ಸರ್ಕಾರ ಬಹಳಷ್ಟು ಹಳ್ಳಿಗಳನ್ನು ನಗರಾಭಿವೃದ್ಧಿ ಪ್ರಾಧಿಕಾರಗಳ ವ್ಯಾಪ್ತಿಗೆ ತಂದು, ನಗರ ವಸತಿ ಯೋಜನೆಯ 1.50 ಲಕ್ಷ ರೂಪಾಯಿ ಕೇಂದ್ರದ ಪಾಲು ಅವಕ್ಕೂ ಸಿಗುವಂತೆ ಮಾಡಿತು. ಮೇಲೆ ಉದ್ಯೋಗ ಖಾತ್ರಿಯ ಕೂಲಿ ಸೇರಿಸಿ 1.80 ಲಕ್ಷ ಮಾಡಿತು. ಅಲ್ಲಿ ಸರ್ಕಾರ ಕಟ್ಟಿಸಿದ ಬಡಾವಣೆಗಳೆಲ್ಲ ಚೆನ್ನಾಗಿವೆ ಎಂದು ಹೇಳಲು ಹೊರಟಿಲ್ಲ. ಊರಿಂದ ದೂರವಾಗಿ, ನೀರಿಲ್ಲದೆ ಬಿಕೋ ಎನ್ನುವವೂ ಇವೆ. ಆದರೆ ಇರುವ ನಿಯಮದೊಳಗೇ ಬಡವನಿಗೆ ಅನುಕೂಲವಾದ ದಾರಿ ಹುಡುಕುವ ಮನಸ್ಸನ್ನು ಆ ರಾಜ್ಯ ತೋರಿತು. ನಾವು ತೋರಲಿಲ್ಲ.

ಅದೇ ಪಾವಗಡದ ನಾಗಲಮಡಿಕೆ ಹೋಬಳಿಯಲ್ಲಿ ಸೌರ ಉದ್ಯಾನವಿದೆ. ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಸುತ್ತಲಿನ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ವಿದ್ಯುತ್ ತಯಾರಾಗುತ್ತದೆ. ಜಮೀನು ರೈತರ ಹೆಸರಿನಲ್ಲೇ ಇದೆ, ಗುತ್ತಿಗೆಗೆ ಕೊಟ್ಟದ್ದು; ಆರಂಭದ ದರ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ. ಐದು ಎಕರೆ ಕೊಟ್ಟವನಿಗೆ ಆ ದರದಲ್ಲಿ ತಿಂಗಳಿಗೆ 8,750 ರೂಪಾಯಿ ಬಂತು. ಬೇರೆ ಗಳಿಕೆ ಇಲ್ಲದಿದ್ದರೆ ಅವನು ಆದಾಯದ ಮಿತಿಯೊಳಗೇ ಇದ್ದಾನೆ, ಆದರೆ ಜಮೀನಿನ ಷರತ್ತು ಅವನನ್ನು ಹೊರಗಿಡುತ್ತದೆ. ಅವನಿಗಿಂತ ಕಷ್ಟದಲ್ಲಿರುವವನು ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ಕಡಲೆಕಾಯಿ ಬಿಡಿಸುತ್ತಿದ್ದ ಭೂಹೀನ ಕೂಲಿಯವನು. ಅವನಿಗೆ ಗುತ್ತಿಗೆ ಹಣವೂ ಇಲ್ಲ, ಕೂಲಿಯೂ ಇಲ್ಲ. ದೇಶಕ್ಕೆ ಬೆಳಕು ಕೊಡಲು ಹೊಲಗಳನ್ನು ಪಡೆದಾಗ ಅವನ ದುಡಿಮೆಯೂ ಹೋಯಿತು. ಅಂಥ ಹೋಬಳಿಯ ಭೂಹೀನರಿಗೆ ಮೊದಲು ಮನೆ ಎಂದು ತೀರ್ಮಾನಿಸುವ ಸ್ವಾತಂತ್ರ್ಯ ತಾಲ್ಲೂಕಿಗೆ ಇಲ್ಲವಾದರೆ ಆ ತೀರ್ಮಾನ ಮಾಡುವವರು ಯಾರು?

ಕೂಲಿ ಇಲ್ಲದೆ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದವರಿಗೆ ಇನ್ನೊಂದು ತೊಡಕು. ಸಮೀಕ್ಷೆಯವರು ಬಂದಾಗ ಮನೆಗೆ ಬೀಗ. ಸ್ವತಃ ಮೊಬೈಲ್‌ನಲ್ಲೇ ಸಮೀಕ್ಷೆ ತುಂಬುವ ಅವಕಾಶವನ್ನು ಈಚೆಗೆ ಕೊಟ್ಟದ್ದು ಒಳ್ಳೆಯದು, ಆದರೆ ಊರಿನಲ್ಲಿ ಉಳಿದ ಮುದುಕಿಗೆ ಅದು ಎಟುಕುವುದಿಲ್ಲ. ಮಂಜೂರಾದ ಮೇಲಾದರೂ ನೆಮ್ಮದಿ ಇದೆಯೇ? ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಯೋಜನೆಗಳಲ್ಲಿ ತಳಪಾಯ, ಲಿಂಟಲ್, ಛಾವಣಿ, ಮುಕ್ತಾಯ ಎಂದು ನಾಲ್ಕು ಹಂತ. ಪ್ರತಿ ಹಂತಕ್ಕೂ ಜಿಪಿಎಸ್ ಫೋಟೊ, ಫೋಟೊ ಒಪ್ಪಿಗೆಯಾದ ಮೇಲೆ ಬಿಲ್ಲು. ಅಂದರೆ ತಳಪಾಯ ಹಾಕಲು ಕೈಯಲ್ಲಿ ಹಣ ಇದ್ದವನಿಗೆ ಮಾತ್ರ ಮೊದಲ ಕಂತು. ಇಲ್ಲದವನು ಬಡ್ಡಿಗೆ ತಂದು ಕಲ್ಲು ಜೋಡಿಸುತ್ತಾನೆ, ಬಿಲ್ಲು ತಡವಾದರೆ ಬಡ್ಡಿ ಬೆಳೆಯುತ್ತದೆ, ಕೆಲಸ ನಿಲ್ಲುತ್ತದೆ, ಗಡುವು ಮೀರಿದ ಮನೆ ಕಂಪ್ಯೂಟರಿನಲ್ಲಿ ‘ಬ್ಲಾಕ್’ ಆಗುತ್ತದೆ. ಬ್ಲಾಕ್ ತೆಗೆಸಲು ಪಂಚಾಯಿತಿ, ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ ಎಂದು ಅಲೆಯಬೇಕು. ಅಲೆದ ದಿನದ ಕೂಲಿಯೂ ಹೋಯಿತು. ಬಡವನಿಗೆ ತಳಪಾಯದ ಹಣ ಮುಂಗಡ ಕೊಡಬಾರದೆಂಬ ಹಟ ಏಕೆ? ಕೇಂದ್ರದ ಮಾರ್ಗಸೂಚಿಯೇ ಮಂಜೂರಾತಿಯ ಜೊತೆಗೆ ಮೊದಲ ಕಂತು ಕೊಡಬೇಕೆನ್ನುತ್ತದೆ.

ನಿವೇಶನದ ಕಾಗದವೂ ಹಾಗೆಯೇ. ಶಿರಾ, ಪಾವಗಡಗಳ ಗೊಲ್ಲರಹಟ್ಟಿ, ತಾಂಡಾಗಳಲ್ಲಿ ತಲೆಮಾರುಗಳಿಂದ ಬದುಕಿದವರ ಬಳಿ ಹಕ್ಕುಪತ್ರ ಇರಲಿಲ್ಲ. ದಾಖಲೆಯಿಲ್ಲದ ಜನವಸತಿಗಳನ್ನು ಕಂದಾಯ ಗ್ರಾಮ ಮಾಡುವ ಕೆಲಸ ಕಾಯ್ದೆ ತಿದ್ದುಪಡಿಯ ನಂತರ ಸಾಗಿದೆ. ಅದು ಮುಗಿಯುವ ತನಕ ಇ-ಸ್ವತ್ತು ಇಲ್ಲವೆಂದು ಮನೆ ನಿಲ್ಲಿಸುವ ಬದಲು, ಪಂಚಾಯಿತಿಯ ಸ್ವಾಧೀನ ದೃಢೀಕರಣವೇ ಸಾಕೆನ್ನಬಹುದು.

ಸ್ಥಳೀಯರಿಗೆ ಸಡಿಲಿಕೆ ಕೊಟ್ಟರೆ ದುರುಪಯೋಗವಾಗುತ್ತದೆ ಎಂಬ ಆತಂಕ ನಮಗೂ ಇದೆ. ಪಂಚಾಯಿತಿ ಸದಸ್ಯರ ನೆಂಟರ ಹೆಸರು ಮೊದಲು ಬರುವುದನ್ನು ನೋಡದ ಊರಿಲ್ಲ. ಆದರೆ ಅಧಿಕಾರ ಮೇಲೆ ಕೂಡಿಹಾಕಿದ ಮಾತ್ರಕ್ಕೆ ಕೈ ಶುದ್ಧವಾಗುತ್ತದೆಯೇ? ವಸತಿ ಇಲಾಖೆಯಲ್ಲಿ ಹಣ ಕೊಟ್ಟವರಿಗೆ ಮನೆಗಳು ಮಂಜೂರಾಗುತ್ತಿವೆ ಎಂದು 2025ರ ಜೂನ್‌ನಲ್ಲಿ ಆರೋಪಿಸಿದ್ದು ವಿರೋಧ ಪಕ್ಷದವರಲ್ಲ, ಆಡಳಿತ ಪಕ್ಷದ ಆಳಂದ ಶಾಸಕ ಬಿ.ಆರ್. ಪಾಟೀಲ. ಆರೋಪದ ಸತ್ಯಾಸತ್ಯ ಏನೇ ಇರಲಿ, ತೀರ್ಮಾನ ಜನರ ಕಣ್ಣಿಗೆ ಬೀಳದ ಕಡೆ ಆಗುವಾಗ ಇಂಥ ಅನುಮಾನ ಹುಟ್ಟದೇ ಇರದು. ಗ್ರಾಮಸಭೆಯಲ್ಲಾದರೆ ಮೋಸವೂ ನಾಲ್ಕು ಜನರ ಎದುರೇ ಆಗಬೇಕು, ಎದ್ದು ಕೇಳುವವರು ಅಲ್ಲಿರುತ್ತಾರೆ.

ಸಡಿಲಿಕೆಗೆ ಬೇಲಿ ಹೇಗೆ ಹಾಕಬೇಕೆಂಬುದಕ್ಕೆ ದೂರದ ಒಂದು ಉದಾಹರಣೆ ನೋಡಬಹುದು. ಅಮೆರಿಕ 1996ರಲ್ಲಿ ‘ಮೂವಿಂಗ್ ಟು ವರ್ಕ್’ ಎಂಬ ಕಾರ್ಯಕ್ರಮದಡಿ ಆಯ್ದ ಕೆಲವು ಸ್ಥಳೀಯ ವಸತಿ ಸಂಸ್ಥೆಗಳಿಗೆ ಬೇರೆ ಬೇರೆ ಅನುದಾನಗಳನ್ನು ಒಟ್ಟುಗೂಡಿಸಿ ಬಳಸುವ, ಬಾಡಿಗೆ ಮತ್ತು ಆದಾಯ ಪರಿಶೀಲನೆಯ ನಿಯಮಗಳನ್ನು ತಾವೇ ಬದಲಿಸುವ ಸ್ವಾತಂತ್ರ್ಯ ಕೊಟ್ಟಿತು. ಅದರ ಜೊತೆ ಕಾನೂನಿನಲ್ಲೇ ಷರತ್ತುಗಳನ್ನೂ ಬರೆಯಿತು: ನೆರವು ಪಡೆಯುವವರಲ್ಲಿ ಕನಿಷ್ಠ ಮುಕ್ಕಾಲು ಪಾಲು ಕಡುಬಡವರಿರಬೇಕು, ಒಟ್ಟು ಕುಟುಂಬಗಳ ಸಂಖ್ಯೆ ಮೊದಲಿಗಿಂತ ಇಳಿಯಬಾರದು, ಮನೆಯ ಗುಣಮಟ್ಟ ಕೆಡಬಾರದು. ಅಲ್ಲಿನ ಸ್ಥಿತಿ ಬೇರೆ, ಅಲ್ಲಿನದು ಬಹುಪಾಲು ಬಾಡಿಗೆ ಮನೆಯ ಮಾತು. ದಾರಿಯನ್ನು ಸ್ಥಳೀಯರಿಗೆ ಬಿಟ್ಟು ಗುರಿಯನ್ನು ಬಿಗಿಯಾಗಿ ಹಿಡಿಯುವ ಕ್ರಮ ಮಾತ್ರ ನಮಗೂ ಬೇಕು. ಇಲ್ಲಿ ದಾರಿಯನ್ನೇ ಬಿಗಿಹಿಡಿದಿದ್ದೇವೆ.

ಸಂವಿಧಾನದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಗ್ರಾಮೀಣ ವಸತಿಯೂ ಒಂದು. ಆ ಅನುಸೂಚಿಯನ್ನು ತಂದ ತಿದ್ದುಪಡಿಗೆ ಎಷ್ಟೋ ಮೊದಲೇ, 1983ರ ಕಾಯ್ದೆಯ ಮೂಲಕ ಆಗಿನ ಸಚಿವ ಅಬ್ದುಲ್ ನಜೀರ್ ಸಾಬ್ ಅವರು ಪಂಚಾಯಿತಿಗಳಿಗೆ ಜೀವ ತುಂಬಿದ ರಾಜ್ಯ ಇದು. ಇಲ್ಲಿನ ಗ್ರಾಮಸಭೆ ಹೆಸರು ಅಳಿಸಲಷ್ಟೇ ಸೇರುವಂತಾಗಬಾರದು.

ಆದ್ದರಿಂದ ನಮ್ಮ ಒತ್ತಾಯ ಇಷ್ಟು. ಪ್ರತಿ ಪಂಚಾಯಿತಿಯ ಗುರಿಯಲ್ಲಿ ಹತ್ತಕ್ಕೆ ಎರಡು ಮನೆಗಳನ್ನಾದರೂ, ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಗ್ರಾಮಸಭೆ ಗುರುತಿಸಿದ ಕುಟುಂಬಗಳಿಗೆ ಮೀಸಲಿಡಲಿ. ಯಾರಿಗೆ, ಏಕೆ ಎಂಬುದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ, ನಡಾವಳಿಯಲ್ಲಿ ಬರೆದು, ಪಂಚಾಯಿತಿ ಗೋಡೆಯ ಮೇಲೆ ಹಾಕಲಿ. ಸಾಮಾಜಿಕ ಪರಿಶೋಧನೆ ಮೊದಲು ಆ ಮನೆಗಳನ್ನೇ ನೋಡಲಿ. ಮಣ್ಣಿನ ಗೋಡೆಯ ಚಪ್ಪಡಿ ಮನೆಗಳನ್ನು ಕಚ್ಚಾ ಮನೆ ಎಂದೇ ಪರಿಗಣಿಸಲಿ. ಕಡುಬಡವರಿಗೆ ತಳಪಾಯದ ಹಣ ಮುಂಗಡ ಬರಲಿ. ಬ್ಲಾಕ್ ತೆಗೆಯುವ ಅಧಿಕಾರ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಸಿಗಲಿ.

ಕೇಂದ್ರದ ಯೋಜನೆಗೆ ದೆಹಲಿಯ ಒಪ್ಪಿಗೆ ಬೇಕಾದೀತು. ಬಸವ ವಸತಿ, ಡಾ. ಅಂಬೇಡ್ಕರ್ ನಿವಾಸ್, ದೇವರಾಜ ಅರಸು ವಸತಿ ಯೋಜನೆಗಳು ರಾಜ್ಯದವೇ. ಅವುಗಳ ನಿಯಮ ಬದಲಿಸಲು ಬೆಂಗಳೂರಿನ ಒಂದು ಆದೇಶ ಸಾಕು. ಮಧುಗಿರಿ ಉಪವಿಭಾಗದಲ್ಲೇ ಮೊದಲು ಪ್ರಯೋಗ ಮಾಡಿ ನೋಡೋಣ ಎಂದು ನಾಲ್ಕೂ ಕ್ಷೇತ್ರಗಳ ಶಾಸಕರು ಒಟ್ಟಾಗಿ ವಸತಿ ಸಚಿವರಿಗೆ ಪತ್ರ ಬರೆಯಲಿ. ಮುಂದಿನ ಸುತ್ತಿನ ಗ್ರಾಮಸಭೆಗಳಿಗೆ ಮುನ್ನ ಆದೇಶ ಹೊರಬಿದ್ದರೆ, ಈ ಸಲದ ಪಟ್ಟಿಗೇ ಹೆಸರುಗಳನ್ನು ಸೇರಿಸಬಹುದು.