ಪದಪಟ್ಟಿಯಿಂದ ಕುರ್ಚಿಯನ್ನು ಹೊರತನ್ನಿ

ಸ್ವಾಹಿಲಿಯಲ್ಲಿ ಕುರ್ಚಿಗೆ ‘ಕಿಟಿ’ ಎನ್ನುತ್ತಾರೆ. ಭಾಷೆ ಕಲಿಸುವ ಪುಸ್ತಕಗಳಲ್ಲಿ ಮೇಜು, ಮಂಚ, ದೀಪಗಳ ಸಾಲಿನಲ್ಲಿ ಈ ಪದವೂ ಇರುತ್ತದೆ. ಬಾಯಿಪಾಠ ಮಾಡುವುದು ಸುಲಭ. ಆದರೆ ತಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ ಬಾಡಿಗೆ ಮನೆ ಹಿಡಿದವರು ‘ಎರಡು ಕುರ್ಚಿ ಮುರಿದಿವೆ’ ಎಂದು ಮಾಲೀಕರಿಗೆ ಹೇಳಹೊರಟರೆ ಆ ಪಟ್ಟಿ ಕೈಕೊಡುತ್ತದೆ.

ಒಂದು ಮುರಿದಿದ್ದರೆ ‘ಕಿಟಿ ಕಿಮೋಜ ಕಿಮೆವುಂಜಿಕ’. ಎರಡಾದರೆ ‘ವಿಟಿ ವಿವಿಲಿ ವಿಮೆವುಂಜಿಕ’. ನಾಮಪದದ ಮೊದಲಿನ ‘ಕಿ’ ಹೋಗಿ ‘ವಿ’ ಬಂದರೆ ಸಂಖ್ಯೆ, ಕ್ರಿಯಾಪದ ಎರಡೂ ಅದನ್ನೇ ಅನುಸರಿಸುತ್ತವೆ. ಚಾಕು (ಕಿಸು), ಕಪ್ಪು (ಕಿಕೋಂಬೆ) ಇದೇ ಗುಂಪಿಗೆ ಸೇರಿದವು. ಅರಬ್ಬಿಯಿಂದ ಬಂದ ‘ಕಿಟಾಬು’ ಕೂಡ ಈ ಗುಂಪಿನಲ್ಲಿ ಬೆರೆತುಹೋಗಿದೆ. ಪುಸ್ತಕಗಳು ಹಲವಾದರೆ ‘ವಿಟಾಬು’. ಒಂಟಿ ಪದ ಈ ನಡೆಯನ್ನು ತೋರಿಸಲಾರದು, ವಾಕ್ಯವೇ ಬೇಕು.

ಕನ್ನಡಿಗರಿಗೆ ಇದು ತೀರಾ ಹೊಸದಲ್ಲ. ‘ಎರಡು ಕುರ್ಚಿ’ ಎನ್ನುವ ನಾವು ‘ಎರಡು ಹುಡುಗರು’ ಎನ್ನುವುದಿಲ್ಲ, ‘ಇಬ್ಬರು’ ಎನ್ನುತ್ತೇವೆ. ಹುಡುಗ ಬಿದ್ದ, ಹುಡುಗಿ ಬಿದ್ದಳು, ಕುರ್ಚಿ ಬಿತ್ತು. ನಮ್ಮಲ್ಲಿ ಕ್ರಿಯಾಪದದ ಕೊನೆ ಬದಲಾದರೆ ಅಲ್ಲಿ ಮೊದಲು ಬದಲಾಗುತ್ತದೆ. ಕನ್ನಡಿಗರಿಗೆ ಸ್ವಾಹಿಲಿ ಕಲಿಸುವವರು ಈ ನಂಟನ್ನು ಬಳಸಿಕೊಳ್ಳಲೇಬೇಕು.

ಮನೆಯ ಕುರ್ಚಿ ಅಲ್ಲಿ ಬೀದಿಗೂ ಸಂಸತ್ತಿಗೂ ಹೋಗಿದೆ. ಬಂದವರನ್ನು ‘ಕರಿಬು ಕಿಟಿ’ ಎಂದು ಕೂರಿಸುತ್ತಾರೆ. ಸಭೆಯ ಅಧ್ಯಕ್ಷರು ‘ಮ್ವೆನ್ಯೆಕಿಟಿ’. ತಾಂಜಾನಿಯಾ ಸಂಸತ್ತಿನಲ್ಲಿ ಮಹಿಳೆಯರಿಗೆಂದೇ ಇರುವ ಸ್ಥಾನಗಳು ‘ವಿಟಿ ಮಾಲುಮು’. ಅದೇ ದೇಶದ ಹೋಟೆಲಿನಲ್ಲಿ ‘ಕಿಟಿ ಮೋಟೊ’ ಕೇಳಿದರೆ ತಟ್ಟೆಗೆ ಬರುವುದು ಹಂದಿ ಮಾಂಸ. ‘ಕುರ್ಚಿಗಾಗಿ ಕಿತ್ತಾಟ’ ಎಂಬ ತಲೆಬರಹ ಓದುವ ಕನ್ನಡಿಗರಿಗೆ ಪೀಠೋಪಕರಣವೊಂದು ಅಧಿಕಾರದ ಹೆಸರಾಗುವುದನ್ನು ವಿವರಿಸಬೇಕಿಲ್ಲ.

ಯುನೆಸ್ಕೊ 2021ರಲ್ಲಿ ಜುಲೈ 7ನ್ನು ವಿಶ್ವ ಸ್ವಾಹಿಲಿ ಭಾಷಾ ದಿನವೆಂದು ಘೋಷಿಸಿತು. 2023ರಲ್ಲಿ ಐಐಟಿ ಮದ್ರಾಸ್ ಜಾಂಜಿಬಾರ್‌ನಲ್ಲಿ ತನ್ನ ಕ್ಯಾಂಪಸ್ ತೆರೆಯಿತು. ಅಲ್ಲಿನ ಆಡುನುಡಿಯೇ ಪ್ರಮಾಣ ಸ್ವಾಹಿಲಿಗೆ ತಳಹದಿ. ಪಾಠಕ್ಕೆ, ವ್ಯಾಪಾರಕ್ಕೆ, ಆಸ್ಪತ್ರೆ ಕೆಲಸಕ್ಕೆ ಪೂರ್ವ ಆಫ್ರಿಕಾಕ್ಕೆ ಹೋಗುವ ಭಾರತೀಯರು ಇಂಗ್ಲಿಷ್ ನೆಚ್ಚಿಕೊಂಡು ದಿನ ದೂಡಬಹುದು. ಆದರೆ ನೆರೆಮನೆಯವರೊಂದಿಗೆ, ಮನೆಗೆಲಸದವರೊಂದಿಗೆ, ಅಂಗಡಿಯವರೊಂದಿಗೆ ಅವರದೇ ಮಾತಿನಲ್ಲಿ ವ್ಯವಹರಿಸುವುದು ಮರ್ಯಾದೆಯ ಪ್ರಶ್ನೆ. ‘ತಾ’, ‘ಹೋಗು’, ‘ಬೇಗ’ ಎಂಬ ಆಜ್ಞೆಗಳನ್ನಷ್ಟೇ ಕಲಿತವರು ಯಾರೊಂದಿಗೂ ಮಾತಾಡಿದಂತಾಗುವುದಿಲ್ಲ.

ಹಾಗಾಗಿ ಮೊದಲ ಪಾಠಕ್ಕೆ ಇಪ್ಪತ್ತು ವಸ್ತುಗಳ ಹೆಸರು ಬೇಡ. ಒಂದು ಕುರ್ಚಿ ಸಾಕು. ‘ಕಿಟಿ ಚಾಂಗು ಕಿಕೊ ವಾಪಿ?’ (ನನ್ನ ಕುರ್ಚಿ ಎಲ್ಲಿದೆ?) ಎಂದು ಕೇಳಿಸಿ. ನೆಂಟರು ಹೆಚ್ಚಾದಾಗ ‘ವಿಟಿ ಹವಿಟೋಶಿ’ (ಕುರ್ಚಿಗಳು ಸಾಲವು) ಎನ್ನಿಸಿ. ಆಮೇಲೆ ಅದೇ ವಾಕ್ಯಗಳಲ್ಲಿ ಕುರ್ಚಿಯ ಜಾಗಕ್ಕೆ ಚಾಕು, ಕಪ್ಪು, ಪುಸ್ತಕ ಬರಲಿ.