ಗೊಡಚಿನಮಲ್ಕಿಯ ಕಾಲುದಾರಿ



ಕೃಷ್ಣೆಯ ಬಯಲಿನಲ್ಲಿ ಹುಟ್ಟಿ ಬೆಳೆದ ನಮಗೆ ನೀರೆಂದರೆ ಸಮತಟ್ಟಾಗಿ ಹರಿಯುವ ವಸ್ತು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಕಬ್ಬಿನ ಹೊಲಗಳಿಗೆ ಅದು ಕಾಲುವೆಯಲ್ಲಿಯೋ ಪಂಪಸೆಟ್ಟಿನ ಕೊಳವೆಯಲ್ಲಿಯೋ ಬರುತ್ತದೆ. ನಿಪ್ಪಾಣಿಯ ಕಡೆಗೆ ವೇದಗಂಗೆ, ದೂಧಗಂಗೆಯರ ರೂಪದಲ್ಲಿ ಸದ್ದಿಲ್ಲದೆ ಸಾಗುತ್ತದೆ. ನದಿಯೊಂದು ಎತ್ತರದಿಂದ ಧುಮುಕುವುದನ್ನು ಕಣ್ಣಾರೆ ಕಾಣಬೇಕೆಂಬ ಆಸೆ ನಮ್ಮ ಭಾಗದ ಆಬಾಲವೃದ್ಧರಲ್ಲಿಯೂ ಇರುವುದು ಆದುದರಿಂದಲೇ ಸಹಜ. ಆ ಆಸೆಯ ಬೆನ್ನು ಹತ್ತಿ ಹೋದ ನಮಗೆ ದೊರೆತ ಒಂದು ಪಾಠವನ್ನು ಈ ಸಂಚಿಕೆಯಲ್ಲಿ ನಿಮ್ಮ ಮುಂದಿರಿಸುತ್ತೇವೆ.

ನಮಗೆ ಸಮೀಪದ ಜಲಪಾತವೆಂದರೆ ಗೋಕಾಕದ್ದು. ಅಲ್ಲಿ ಘಟಪ್ರಭೆ ಸುಮಾರು 170 ಅಡಿ ಕೆಳಗೆ ಬೀಳುತ್ತಾಳೆ. ಅಲ್ಲಿಯ ತೂಗುಸೇತುವೆ, ಹಳೆಯ ನೂಲಿನ ಗಿರಣಿ, ಚಾಲುಕ್ಯರ ಕಾಲದ ಶಿವಾಲಯ ಇವೆಲ್ಲವೂ ನಿಮ್ಮಲ್ಲಿ ಅನೇಕರಿಗೆ ಪರಿಚಿತ. ಬಸ್ಸು ಜಲಪಾತದ ಎದುರಿಗೇ ನಿಲ್ಲುತ್ತದೆ. ನೋಡುವವನು ನಾಲ್ಕು ಹೆಜ್ಜೆ ನಡೆದರೆ ಸಾಕು. ಆದರೆ ಗೋಕಾಕದಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿ, ಗುಡ್ಡಗಾಡಿನ ನಡುವೆ, ಘಟಪ್ರಭೆಯ ಉಪನದಿಯಾದ ಮಾರ್ಕಂಡೇಯವು ಗೊಡಚಿನಮಲ್ಕಿಯಲ್ಲಿ ಎರಡು ಹಂತಗಳಲ್ಲಿ ಧುಮುಕುವುದನ್ನು ಕಂಡವರು ಕಡಿಮೆ. ಅಲ್ಲಿಗೆ ಎರಡು ದಾರಿಗಳುಂಟು. ಒಂದು ಯೋಗಿಕೊಳ್ಳದ ನಿರ್ವಾಣೇಶ್ವರ ಮಠದ ಕಡೆಯಿಂದ. ಇನ್ನೊಂದು ಗೊಡಚಿನಮಲ್ಕಿ ಗ್ರಾಮದ ಕಡೆಯಿಂದ ಸುಮಾರು ಎರಡೂವರೆ ಕಿಲೋಮೀಟರ್ ಕಾಲ್ನಡಿಗೆ.

ಕಳೆದ ಶ್ರಾವಣದ ಕೊನೆಯ ವಾರ ನಾವು ಐವರು ಹೊರಟೆವು. ರಾಯಬಾಗದಿಂದ ರೈಲಿನಲ್ಲಿ ಘಟಪ್ರಭಾ, ಅಲ್ಲಿಂದ ಬಸ್ಸಿನಲ್ಲಿ ಗೋಕಾಕ, ಮುಂದೆ ಬಾಡಿಗೆಯ ಜೀಪು. ನಮ್ಮ ಸಂಗಡ ಮೂವರು ಭಕ್ತರೂ ಕಾಲೇಜಿನಲ್ಲಿ ಓದುತ್ತಿರುವ ನಮ್ಮ ತಮ್ಮನ ಮೊಮ್ಮಗನೂ ಇದ್ದರು. ಬುತ್ತಿಯಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಗಟ್ಟಿ ಮೊಸರು. ಊರಾಚೆ ಹೊಲಗಳು ಮುಗಿದು ಕುರುಚಲು ಕಾಡು ಮೊದಲಾಯಿತು. ಮಳೆಯಲ್ಲಿ ತೊಯ್ದ ಮುತ್ತಲ, ಕಾರೆ, ಬಾರೆಯ ಗಿಡಗಳು ಹಾದಿಯ ಎರಡೂ ಮಗ್ಗುಲಿಗೆ ಹಸಿರಾಗಿ ನಿಂತಿದ್ದವು. ಅರವತ್ತು ದಾಟಿದ ನಮ್ಮ ಮೊಣಕಾಲುಗಳು ಅಲ್ಲಲ್ಲಿ ತಕರಾರು ಮಾಡಿದರೂ ಮನಸ್ಸು ಹಿಂಜರಿಯಲಿಲ್ಲ. ಅಕ್ಕಮಹಾದೇವಿಯು ಕಲ್ಯಾಣದಿಂದ ಶ್ರೀಶೈಲದ ಕದಳಿಯವರೆಗೆ ನಡೆದೇ ಹೋದಳೆಂಬುದನ್ನು ನೆನೆದರೆ ಎರಡೂವರೆ ಕಿಲೋಮೀಟರಿನ ಮಾತನ್ನು ಆಡುವುದಕ್ಕೇ ನಾಚಿಕೆಯಾಗಬೇಕು.

ಕಾಲ್ನಡಿಗೆಗೆ ಒಂದು ವಿಶೇಷ ಗುಣವುಂಟು. ವಾಹನದಲ್ಲಿ ಹೋದವನಿಗೆ ಜಲಪಾತವು ಏಕಾಏಕಿ ಕಣ್ಣೆದುರು ನಿಲ್ಲುತ್ತದೆ. ನಡೆದು ಹೋದವನಿಗೆ ಅದು ಮೊದಲು ಕಿವಿಗೆ ಬರುತ್ತದೆ. ಅನಂತರ ತಂಪಾದ ಗಾಳಿಯಾಗಿ ಮೈಗೆ, ತುಂತುರಾಗಿ ಮುಖಕ್ಕೆ, ಕಟ್ಟಕಡೆಗೆ ಕಣ್ಣಿಗೆ. ಅಷ್ಟರೊಳಗೆ ಮನಸ್ಸು ತಾನು ಎಂಥ ಶಕ್ತಿಯ ಬಳಿಗೆ ಹೋಗುತ್ತಿರುವೆನೆಂಬುದನ್ನು ಅರಿತುಕೊಂಡಿರುತ್ತದೆ. ಅರಿತುಕೊಳ್ಳಬೇಕು ಎಂಬುದೇ ಸರಿಯಾದ ಮಾತು. ನಾವು ಅಂದು ಅರಿಯಲಿಲ್ಲವೆಂಬುದನ್ನು ಮುಂದೆ ಹೇಳುತ್ತೇವೆ.

ಮಾರ್ಕಂಡೇಯವು ಮೊದಲು ಸುಮಾರು 25 ಮೀಟರ್ ಎತ್ತರದಿಂದ ಕಲ್ಲಿನ ಕಣಿವೆಗೆ ಬೀಳುತ್ತದೆ; ಸ್ವಲ್ಪ ದೂರ ಹರಿದು ಮತ್ತೆ ಸುಮಾರು 20 ಮೀಟರ್ ಇಳಿಯುತ್ತದೆ. ಮಳೆಗಾಲದ ನೀರು ಕೆಂಪುಮಣ್ಣಿನ ಬಣ್ಣದ್ದು. ಗೋಕಾಕದಿಂದ ಬದಾಮಿಯವರೆಗೆ ಹಬ್ಬಿದ ಪ್ರಾಚೀನ ಮರಳುಗಲ್ಲು ಇಲ್ಲಿಯೂ ಅಟ್ಟಣಿಗೆಯಂತೆ ಪದರು ಪದರಾಗಿ ಕುಳಿತಿದೆ. ಗಟ್ಟಿಯಾದ ಪದರು ಉಳಿದು, ಮೆತ್ತಗಿನದು ಸವೆದು, ನದಿಯು ಲಕ್ಷಾಂತರ ವರ್ಷಗಳಲ್ಲಿ ತನ್ನ ಮೆಟ್ಟಿಲುಗಳನ್ನು ತಾನೇ ಕಡೆದುಕೊಂಡಿದೆ. ನಾವು ಕೈಮುಗಿದು ಬಹಳ ಹೊತ್ತು ಸುಮ್ಮನೆ ನಿಂತೆವು.

ಅಷ್ಟರಲ್ಲಿ ಹುಡುಗ ಕೆಳಗಿನ ಒಂದು ಚಪ್ಪಟೆ ಬಂಡೆಯನ್ನು ತೋರಿಸಿ, "ಅಜ್ಜಾರ, ಅಲ್ಲಿ ನಿಂತು ಒಂದು ಫೋಟೋ ತಕ್ಕೊಂಡು ಬರ್ತೀನ್ರಿ" ಎಂದ. ಬಂಡೆ ಒಣಗಿತ್ತು, ಆಕಾಶವೂ ತಿಳಿಯಾಗಿತ್ತು. ನಾವು, "ಆಗಲಿ, ಬೇಗ ಬಾ" ಎಂದುಬಿಟ್ಟೆವು. ಅವನು ನಾಲ್ಕು ಮಾರು ಇಳಿದಿರಬೇಕು. ಮೇಲೆ ದನ ಮೇಯಿಸುತ್ತಿದ್ದ ಮುದುಕನೊಬ್ಬ ಕೂಗಿಕೊಂಡು ಬಂದ. "ಏ ತಮ್ಮಾ, ಇಳೀಬ್ಯಾಡ! ಯಪ್ಪಾ, ನೀವರ ಹೇಳ್ರಿ ಅವಗ. ಮ್ಯಾಲ ನೀರು ಬಿಟ್ರ ಅದೇನು ಹೇಳಿ ಬರ್ತೈತೇನ್ರಿ?" ಹುಡುಗ ಮನಸ್ಸಿಲ್ಲದ ಮನಸ್ಸಿನಿಂದ ಮರಳಿ ಬಂದ. ನಾವು ಬುತ್ತಿ ಬಿಚ್ಚಿ, ಆ ಮುದುಕನಿಗೂ ರೊಟ್ಟಿ ನೀಡಿ ಊಟಕ್ಕೆ ಕುಳಿತೆವು. ಊಟ ಮುಗಿಯುವ ಮುನ್ನವೇ ನೀರಿನ ಸದ್ದು ದಪ್ಪವಾಯಿತು. ಎದ್ದು ನೋಡಿದರೆ ಆ ಚಪ್ಪಟೆ ಬಂಡೆ ಕಾಣಲಿಲ್ಲ. ಅದರ ಮೇಲೆ ಕೆಂಪು ನೀರು ಸುಳಿ ತಿರುಗುತ್ತಿತ್ತು. ಒಂದು ಹನಿ ಮಳೆಯೂ ನಮ್ಮ ಮೇಲೆ ಬಿದ್ದಿರಲಿಲ್ಲ.

ಇದು ಪವಾಡವಲ್ಲ, ನದಿಯ ಸ್ವಭಾವ. ಮಾರ್ಕಂಡೇಯದ ಮೂಲ ಇರುವುದು ಬೆಳಗಾವಿಯ ಪಶ್ಚಿಮಕ್ಕೆ, ಸಹ್ಯಾದ್ರಿಯ ಸೆರಗಿನಲ್ಲಿ. ಬೆಳಗಾವಿ ನಗರಕ್ಕೆ ಕುಡಿಯುವ ನೀರು ಕೊಡುವ ರಕ್ಕಸಕೊಪ್ಪದ ಜಲಾಶಯ ಈ ನದಿಯದೇ. ಅದರ ಕೆಳಗೆ ಹುಕ್ಕೇರಿ ತಾಲೂಕಿನ ಶಿರೂರಿನಲ್ಲಿ ಇನ್ನೊಂದು ಅಣೆಕಟ್ಟು. ಅಲ್ಲೆಲ್ಲೋ ಸುರಿದ ಮಳೆ, ತೆರೆದ ಬಾಗಿಲು, ಇಲ್ಲಿ ಬಿಸಿಲು ಕಾಯುತ್ತ ನಿಂತವನ ಕಾಲ ಕೆಳಗೆ ಬಂದು ಮುಟ್ಟುತ್ತದೆ. ಕಣಿವೆ ಇಕ್ಕಟ್ಟಾದಷ್ಟೂ ನೀರು ಬೇಗ ಏರುತ್ತದೆ.

ಬಯಲಿನವರಾದ ನಮಗೆ ಇದು ತಿಳಿಯದ ಸಂಗತಿಯೇ? 2019ನೆಯ ಇಸ್ವಿಯನ್ನು ನಮ್ಮ ಭಾಗದವರು ಮರೆಯಲಾರರು. ಆ ವರ್ಷದ ಮೇ ತಿಂಗಳಲ್ಲಿ ಕೃಷ್ಣೆಯ ಪಾತ್ರ ಬತ್ತಿ, ಕೊಯ್ನಾ ಜಲಾಶಯದಿಂದ ನೀರು ಬಿಡಿರೆಂದು ನೆರೆಯ ರಾಜ್ಯವನ್ನು ಕೇಳಬೇಕಾಯಿತು. ಆಗಸ್ಟ್ ತಿಂಗಳಲ್ಲಿ ಅದೇ ಕೃಷ್ಣೆ ನಮ್ಮ ನದೀತೀರದ ಊರುಗಳಿಗೆ ನುಗ್ಗಿದಳು. ಮಾರ್ಕಂಡೇಯ, ಘಟಪ್ರಭೆಗಳು ಉಕ್ಕಿ ಗೋಕಾಕದ ಪೇಟೆಯಲ್ಲಿ ನೀರು ನಿಂತಿತು. ಆಗ ಮನೆ ಬಿಟ್ಟು ಗಂಜಿಕೇಂದ್ರ ಸೇರಿದವರು ನಮ್ಮವರೇ. ಇಷ್ಟನ್ನು ಕಂಡೂ, ಒಣಗಿದ ಬಂಡೆಯೊಂದನ್ನು ನೋಡಿ ನಾವು ನಂಬಿಬಿಟ್ಟೆವು. ದನ ಕಾಯುವವನಿಗೆ ಇದ್ದ ಎಚ್ಚರ ಮಠದಲ್ಲಿ ಓದಿದ ನಮಗಿರಲಿಲ್ಲ. ಶಾಸ್ತ್ರದ ಓದು ಬೇರೆ, ದಿನವೂ ನದಿಯನ್ನು ನೋಡುವ ಕಣ್ಣು ಬೇರೆ.

ಪ್ರತಿ ಮಳೆಗಾಲದಲ್ಲಿಯೂ ಜಲಪಾತ ನೋಡಲು ಹೋದ ತರುಣರು ಶವವಾಗಿ ಮರಳಿದ ಸುದ್ದಿಯನ್ನು ಓದಿ ನಾವು ನಿಟ್ಟುಸಿರು ಬಿಡುತ್ತೇವೆ. ಈಗಿನ ಹುಡುಗರಿಗೆ ಭಯವಿಲ್ಲವೆಂದು ದೂರುತ್ತೇವೆ. ಆದರೆ ಅಂದು ತಪ್ಪಿದವನು ಹುಡುಗನಲ್ಲ, "ಆಗಲಿ" ಎಂದ ಹಿರಿಯರು ನಾವು. ಮಕ್ಕಳ ಮುಖ ಬಾಡೀತೆಂದು ಬೇಡವೆನ್ನಲು ಹಿಂಜರಿಯುವ ಪ್ರೀತಿ ಪ್ರೀತಿಯಲ್ಲ, ದೌರ್ಬಲ್ಯ. ಹಾಗೆಂದು ಮಕ್ಕಳನ್ನು ಮನೆಯಲ್ಲಿ ಕಟ್ಟಿಹಾಕಿರೆಂದು ಹೇಳುತ್ತಿಲ್ಲ. ಅವಶ್ಯವಾಗಿ ಕರೆದುಕೊಂಡು ಹೋಗಿರಿ, ನಡೆಯಿಸಿಕೊಂಡೇ ಹೋಗಿರಿ. ಊರವರನ್ನು ಮೊದಲು ವಿಚಾರಿಸಿರಿ. ಅವರು ಬೇಡವೆಂದ ಕಡೆಗೆ ಒಂದು ಹೆಜ್ಜೆಯನ್ನೂ ಇಡಬೇಡಿರಿ. ಮೇಲೆ ನಿಂತು ನೋಡಿರಿ. ನೀರಿನ ಅಂಚಿಗೆ ಇಳಿಯಬೇಡಿರಿ. ಸದ್ದು ಬದಲಾದರೆ, ನೀರಿನ ಬಣ್ಣ ಕದಡಿದರೆ, ಕೂಡಲೇ ಹಿಂದೆ ಸರಿಯಿರಿ. ಉಂಡ ಎಲೆ, ಪ್ಲಾಸ್ಟಿಕ್ಕಿನ ಚೀಲಗಳನ್ನು ಗಂಟು ಕಟ್ಟಿ ಮರಳಿ ತನ್ನಿರಿ. ಆ ನದಿಯ ನೀರನ್ನು ಕೆಳಗಿನ ಊರಿನವರು ಕುಡಿಯುತ್ತಾರೆ.

ರಾತ್ರಿ ಮನೆ ಮುಟ್ಟಿದಾಗ ಹುಡುಗನ ತಾಯಿ, "ಹ್ಯಾಂಗಿತ್ರಿ ಮಾವಾರ, ನೀರು ಭಾಳ ಇತ್ತೇನ್ರಿ?" ಎಂದು ಕೇಳಿದಳು. ಚೆನ್ನಾಗಿತ್ತೆಂದಷ್ಟೇ ಹೇಳಿ ಮುಗಿಸಬಹುದಿತ್ತು. ನಾಲಗೆಯ ತುದಿಗೆ ಅದೇ ಬಂದಿತ್ತು. ಆದರೆ ನಡೆದುದೆಲ್ಲವನ್ನೂ, ನಾವು "ಆಗಲಿ" ಎಂದದ್ದನ್ನೂ ಸೇರಿಸಿ, ಹೇಳಿದೆವು. ಆಕೆ ಏನೂ ಮಾತನಾಡಲಿಲ್ಲ. ಮಗನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, ಬಹಳ ಹೊತ್ತು ಅವನ ಪಕ್ಕದಲ್ಲಿಯೇ ಕುಳಿತಳು. ಆ ಮೌನವನ್ನು ಕಂಡ ಮೇಲೆ ಇದನ್ನು ನಿಮಗೂ ಬರೆದು ತಿಳಿಸುವುದು ನಮ್ಮ ಕರ್ತವ್ಯವೆನಿಸಿತು.