ತ್ಯಾಗ ಮಗಳ ಪಾಲಿಗಷ್ಟೇ ಏಕೆ?

ಮನ್ಮನೆಯೂ ಸೇರಿದಂತೆ ಸಿದ್ದಾಪುರ, ಶಿರಸಿ, ಯಲ್ಲಾಪುರ ತಾಲ್ಲೂಕುಗಳ ಅಡಿಕೆ ಸೀಮೆಯಲ್ಲಿ ಒಡೆತನದ ಕಲ್ಪನೆಗೆ ಒಂದು ವೈಶಿಷ್ಟ್ಯವಿದೆ. ತೋಟ ಕುಟುಂಬದ್ದು, ಅದಕ್ಕೆ ಹೊಂದಿಕೊಂಡ ಸೊಪ್ಪಿನ ಬೆಟ್ಟ ಸರ್ಕಾರದ್ದು. ಬ್ರಿಟಿಷರ ಕಾಲದಲ್ಲಿ ಎಕರೆ ತೋಟಕ್ಕೆ 9 ಎಕರೆಯವರೆಗೆ ಬಿಟ್ಟುಕೊಟ್ಟ ಈ ಬೆಟ್ಟದಿಂದ ಸೊಪ್ಪು, ದರಕು ತರಬಹುದು. ಅನುಭೋಗವುಂಟು, ಸ್ವಾಮ್ಯವಿಲ್ಲ.

ತೋಟ, ಮನೆ, ಬಂಗಾರಗಳನ್ನೂ ಇದೇ ದೃಷ್ಟಿಯಿಂದ ಕಾಣಬೇಕೆಂಬುದು ನಮ್ಮ ಮನೆಗಳ ಶ್ರದ್ಧೆ. ‘ಎಲ್ಲವೂ ದೇವರದು’ ಎನ್ನದ ಹಿರಿಯರಿಲ್ಲ. ಭೂಮಿ ಹುಣ್ಣಿಮೆಯಂದು ಮಲೆನಾಡಿನ ರೈತರು ಪೈರು ಹೊತ್ತ ನೆಲವನ್ನು ಬಸುರಿಯೆಂದು ಭಾವಿಸಿ ಬಯಕೆಯ ಅಡುಗೆ ಬಡಿಸುತ್ತಾರೆ.

ಈ ಶ್ರದ್ಧೆಗೆ ಪರೀಕ್ಷೆ ಎದುರಾಗುವುದು ಹಿಸೆಯ ಸಂದರ್ಭದಲ್ಲಿ. ತಂದೆಯ ಕಾಲಾನಂತರ ತವರಿಗೆ ಬಂದ ಮಗಳ ಮುಂದೆ ಹಕ್ಕು ಬಿಡುಗಡೆ ಪತ್ರ ಬರುತ್ತದೆ. ‘ಆಸ್ತಿ ಇಂದಿದ್ದು ನಾಳೆ ಹೋಗುವಂಥದು, ತವರಿನ ಬಾಂಧವ್ಯ ಉಳಿಯಬೇಕಲ್ಲವೇ ತಂಗಿ’ ಎಂಬ ಮಾತೂ ಜೊತೆಗಿರುತ್ತದೆ. ವೈರಾಗ್ಯದ ಉಪದೇಶ ಆಕೆಗೆ, ಪಹಣಿಯಲ್ಲಿನ ಹೆಸರು ಅಣ್ಣನಿಗೆ!

ಕಾನೂನಿನಲ್ಲಿ ಗೊಂದಲವೇನೂ ಉಳಿದಿಲ್ಲ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ನೀಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ಜಾರಿಗೊಳಿಸಿತು. ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ಅಳಿಸಿತು. ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, 2005ರಲ್ಲಿ ತಂದೆ ಬದುಕಿರಬೇಕೆಂಬ ನಿರ್ಬಂಧವಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು.

ಇದಕ್ಕೆ ಬರುವ ಆಕ್ಷೇಪಗಳನ್ನು ತಳ್ಳಿಹಾಕಲಾಗದು. ಇರುವುದೇ ಒಂದೆರಡು ಎಕರೆ ತೋಟ; ಹರಿದು ಹಂಚಿದರೆ ಯಾರಿಗೂ ದಕ್ಕದು. ಮದುವೆಗೆ ಖರ್ಚಾಗಿದೆ, ಬಂಗಾರ ಕೊಟ್ಟಿದೆ. ಊರಿನಲ್ಲೇ ಉಳಿದ ಮಗ ಕೊಳೆರೋಗಕ್ಕೆ ಮದ್ದು ಹೊಡೆಸಿ, ಸಾಲ ತೀರಿಸಿ, ಅಪ್ಪ ಅಮ್ಮನನ್ನು ನೋಡಿಕೊಂಡಿದ್ದಾನೆ. ಎಲ್ಲವೂ ನಿಜ. ಆದರೆ ಇವು ಲೆಕ್ಕಕ್ಕೆ ಹಿಡಿಯಬೇಕಾದ ಸಂಗತಿಗಳೇ ಹೊರತು ಲೆಕ್ಕವನ್ನೇ ಮುಚ್ಚಿಡಲು ಕಾರಣಗಳಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಹೇಳುವುದಾದರೆ, ಮೌಲ್ಯವನ್ನು ಹಂಚಲು ನೆಲವನ್ನು ತುಂಡರಿಸಬೇಕಿಲ್ಲ. ತೋಟಕ್ಕೆ ಬೆಲೆ ಕಟ್ಟಿ, ಮಗನ ದುಡಿಮೆಗೂ ಆರೈಕೆಗೂ ನ್ಯಾಯವಾದ ಮೊತ್ತ ಕಳೆದು, ಉಳಿದುದರಲ್ಲಿ ಮಗಳ ಪಾಲನ್ನು ಕೆಲವು ವರ್ಷಗಳ ಕಂತುಗಳಲ್ಲಿ ಸಲ್ಲಿಸಬಹುದು.

ಆ ಲೆಕ್ಕವನ್ನು ನೋಡಿದ ಬಳಿಕವೂ ಆಕೆ ‘ನನಗೆ ಬೇಡ’ ಎಂದರೆ ಅದು ತ್ಯಾಗ. ತನಗೆ ಬರಬೇಕಾದುದೆಷ್ಟೆಂದೇ ತಿಳಿಯದೆ, ಬಾಂಧವ್ಯ ಕಡಿದೀತೆಂಬ ಅಂಜಿಕೆಯಿಂದ ಹಾಕುವ ಸಹಿಯನ್ನು ತ್ಯಾಗವೆನ್ನಲಾಗದು. ಒಪ್ಪಂದದ ಭಾಷೆಯಲ್ಲಿ ಅದಕ್ಕೆ ಬೇರೆಯೇ ಹೆಸರಿದೆ.

ಹಿರಿಯರು ತಮ್ಮ ಕೈಕಾಲು ಗಟ್ಟಿಯಿರುವಾಗಲೇ ಎಲ್ಲ ಮಕ್ಕಳನ್ನೂ, ಸೊಸೆ ಅಳಿಯಂದಿರನ್ನೂ ಒಟ್ಟಿಗೆ ಕೂರಿಸಿ ಪಹಣಿ, ಸಾಲ, ಬಂಗಾರಗಳ ವಿವರ ಮುಂದಿಡಲಿ. ಆಸ್ತಿ ದೇವರದೆಂದು ನಂಬಿದವರಿಗೆ ಅದನ್ನು ಮಕ್ಕಳೆದುರು ತೆರೆದು ತೋರಿಸುವುದು ಕಷ್ಟವಾಗಬಾರದು.